ಕಸ್ತೂರಿಯ ತಲೆಯೊಳಗಿನ ರಸ್ತೆ

ಕಸ್ತೂರಿಯ ತಲೆಯಿಂದ ಬ್ರೇಕಿನ ಸದ್ದು ಬಂದಾಗಲೆಲ್ಲ ನಾನು ಕೈಯಲ್ಲಿದ್ದ ತಾಟನ್ನು ಕೆಳಗೆ ಬಿಡುತ್ತಿದ್ದೆ. ಬೇಕೆಂದೇ ಬಿಡುತ್ತಿದ್ದೆ. ಅವಳು ಒಲೆಯ ಮುಂದಿನಿಂದ ತಿರುಗಿ, "ಮತ್ತ ಬಿತ್ತೇನ್ರಿ ಅತ್ತಿ? ನಿಮ್ಮ ಕೈಯಾಗ ಏನೂ ನಿಲ್ಲವಲ್ದು" ಎನ್ನುತ್ತಿದ್ದಳು. "ವಯಸ್ಸಾತವ್ವ" ಎಂದು ನಾನು ಬಗ್ಗಿ ತಾಟು ಎತ್ತಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸದ್ದು ಮುಗಿದಿರುತ್ತಿತ್ತು.

ಇದು ನಮ್ಮೂರಲ್ಲಿ ಎಲ್ಲರೂ ಮಾಡುವ ಕೆಲಸ. ರಸ್ತೆಯ ಮೇಲೆ ಅಪಘಾತವಾಗಿ ಬದುಕಿ ಬಂದವರ ತಲೆಯಿಂದ ಆಗಾಗ ಆ ಹೊತ್ತಿನ ಸದ್ದು ಹೊರಗೆ ಬರುತ್ತದೆ. ಒಬ್ಬರದು ಬ್ರೇಕು, ಇನ್ನೊಬ್ಬರದು ಗಾಜು, ಮತ್ತೊಬ್ಬರದು ಬರೀ ಹಾರ್ನು. ಸುತ್ತ ಇದ್ದವರಿಗೆಲ್ಲ ಕೇಳಿಸುತ್ತದೆ, ಯಾರ ತಲೆಯಿಂದ ಬಂತೋ ಅವರಿಗೆ ಮಾತ್ರ ಕೇಳಿಸುವುದಿಲ್ಲ. ಅವರು ಆ ಹೊತ್ತಿಗೆ ಸುಮ್ಮನೆ ಒಂದು ಕಡೆ ನೋಡುತ್ತ ನಿಂತಿರುತ್ತಾರೆ. ಆಮೇಲೆ ಏನೂ ಆಗದವರಂತೆ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಾರೆ. ಇದಕ್ಕೆ ನಾವು 'ರಸ್ತೆ ಬಂತು' ಎನ್ನುತ್ತೇವೆ. ರಸ್ತೆ ಬಂದವರಿಗೆ ರಸ್ತೆ ಬಂತೆಂದು ಹೇಳಬಾರದು. ಇದು ಊರಿನ ಕಟ್ಟಳೆ. ಆದರೆ ಸದ್ದಿಗೆ ಬೆಚ್ಚದೆ ಇರುವುದು ಯಾರಿಂದಾದೀತು? ಬೆಚ್ಚಿದರೆ ಅವರು ಯಾಕೆ ಬೆಚ್ಚಿದಿರಿ ಎಂದು ಕೇಳುತ್ತಾರೆ. ಅದಕ್ಕೇ ತಾಟು. ತಾಟು ಬಿದ್ದರೆ ಎಲ್ಲರೂ ಬೆಚ್ಚುವುದು ಸಹಜ ತಾನೇ. ಕಿರಾಣಿ ಅಂಗಡಿಯ ಗುರುಸಿದ್ದಪ್ಪ ತಕ್ಕಡಿ ಬಡಿಯುತ್ತಾನೆ. ಕ್ಷೌರದಂಗಡಿಯವನು ರೇಡಿಯೋ ಏರಿಸುತ್ತಾನೆ. ಸಾಲಿಯಲ್ಲಿ ಮಾಸ್ತರರು ಮೇಜಿಗೆ ಡಸ್ಟರು ಕುಟ್ಟುತ್ತಾರೆ. ನಮ್ಮೂರಿನಲ್ಲಿ ನೆಗ್ಗದ ಸ್ಟೀಲ್ ಪಾತ್ರೆ ಒಂದೂ ಸಿಗುವುದಿಲ್ಲ. ಹೆಣ್ಣು ನೋಡಲು ಬಂದ ಬೇರೆ ಊರಿನವರು ಚಹಾದ ತಾಟು ನೋಡಿ, ಈ ಮನೆಯಲ್ಲಿ ಗಂಡಹೆಂಡಿರು ದಿನಾ ಹೊಡೆದಾಡುತ್ತಾರೆಂದು ಎದ್ದುಹೋದದ್ದೂ ಉಂಟು.

ಒಬ್ಬರಿಗೆ ಹೇಳಿದ್ದರಂತೆ, ಹಿಂದೆ. ಹಗ್ಗ ಮಾರುತ್ತಿದ್ದ ತಿಪ್ಪಣ್ಣ ಎಂಬವನಿಗೆ, ಜಗಳದ ಸಿಟ್ಟಿನಲ್ಲಿ ಅವನ ತಮ್ಮನೇ ಹೇಳಿಬಿಟ್ಟನಂತೆ. ಆ ತಿಪ್ಪಣ್ಣ ತನ್ನ ಸದ್ದು ತನಗೆ ಕೇಳಿಸಬೇಕೆಂದು ಮನೆಯೊಳಗೆ ಕಿವಿಗೊಟ್ಟು ಕುಳಿತವನು ಮತ್ತೆ ಹೊರಗೆ ಬರಲಿಲ್ಲ. ಅದಾದ ಮೇಲೆ ಯಾರೂ ಬಾಯಿ ಬಿಟ್ಟಿಲ್ಲ.

ಕಸ್ತೂರಿ ನನ್ನ ಸೊಸೆ. ಮಗ ಬೋರ್‌ವೆಲ್ ಲಾರಿಯ ಮೇಲೆ ಊರೂರು ತಿರುಗುವವನು, ಮನೆಗೆ ಬಂದರೆ ನೆಂಟ. ಮನೆಯಲ್ಲಿ ನಾವಿಬ್ಬರೇ. ಅವಳು ಬಸ್ ಕಂಡಕ್ಟರ್. ಅವಳ ಬಸ್ಸೇ ಕಾಲುವೆಯ ತಿರುವಿನಲ್ಲಿ ಮಗುಚಿದ್ದು. ಆ ದಿನ ನಾನೂ ಅದರಲ್ಲಿದ್ದೆ. ರಾತ್ರಿ ಶಾಲೆಯವರು ಏಳನೇ ಇಯತ್ತೆಯ ಪರೀಕ್ಷೆಗೆ ಕೂಡಿಸಿದ್ದರು. ಅದನ್ನು ಬರೆದು ಬರುತ್ತಿದ್ದೆ. ಗಣಿತದ ಪತ್ರಿಕೆ ತಲೆಗೆ ಹತ್ತಿ ಸುಸ್ತಾಗಿ, ಕಂಡಕ್ಟರ್ ಸೀಟಿನ ಹಿಂದೆ ಕುಳಿತಲ್ಲೇ ನಿದ್ದೆಹೋಗಿದ್ದೆ. ಎದುರಿನಿಂದ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಬಂದಿತಂತೆ. ಡ್ರೈವರ್ ರಾಜೇಸಾಬ ಅದನ್ನು ತಪ್ಪಿಸಿದನಂತೆ. ಅವನೊಬ್ಬನೇ ತೀರಿಹೋದ. ಕಸ್ತೂರಿಯ ಹಣೆಗೆ ಹೊಲಿಗೆ ಬಿತ್ತು, ನನ್ನ ಭುಜದ ಎಲುಬು ಮುರಿಯಿತು. ನನಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ. ನಿದ್ದೆಯಲ್ಲಿದ್ದವರಿಗೆ ರಸ್ತೆ ಬರುವುದಿಲ್ಲ ಎಂದು ನಮ್ಮೂರವರು ಹೇಳುತ್ತಾರೆ. ಕಾಣದ್ದು ತಲೆಯಲ್ಲಿ ಹೇಗೆ ನಿಂತೀತು? ಹಾಗಾಗಿ ನಾನು ಪಾರಾದೆ, ಅವಳು ಸಿಕ್ಕಳು ಎಂದುಕೊಂಡಿದ್ದೆ.

ಹಣೆಯ ಹೊಲಿಗೆ ಬಿಚ್ಚಿದ್ದೇ ತಡ, ಕಸ್ತೂರಿಗೆ ಡ್ಯೂಟಿಯದೇ ಜಪ. ಖಾಕಿ ಅಂಗಿಯನ್ನು ವಾರಕ್ಕೊಮ್ಮೆ ಒಗೆದು ಇಸ್ತ್ರಿ ಮಾಡಿ ಮತ್ತೆ ಮಡಿಸಿಡುತ್ತಿದ್ದಳು. ಮನೆಯಲ್ಲೇ ಇರು, ನಾನು ರೊಟ್ಟಿ ಬಡಿದು ಹಾಕುತ್ತೇನೆ ಎಂದರೆ ನಗುತ್ತಿದ್ದಳು.

"ಅಲ್ಲಿ ನಾ ಸೀಟಿ ಊದಿದ್ರ ಬಸ್‌ತುಂಬ ಮಂದಿ ಹೊತ್ತ ಗಾಡಿ ನಿಲ್ತೈತ್ರಿ ಅತ್ತಿ. ಮನ್ಯಾಗ ನಾ ಒದರಿದ್ರ ಬೆಕ್ಕೂ ನಿಲ್ಲೂದಿಲ್ಲ."

ಡಿಪೋಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಮ್ಯಾನೇಜರ್ ಉಮದಿ ಸಾಹೇಬರು ಒಳ್ಳೆಯವರು. ಒಳ್ಳೆಯವರಾದ್ದರಿಂದ ಅವರಿಗೆ ನೇರವಾಗಿ ಇಲ್ಲ ಎನ್ನಲು ಬರುತ್ತಿರಲಿಲ್ಲ.

"ಹಾಕೋಣವಾ, ಡ್ಯೂಟಿ ಹಾಕೋಣ. ಇನ್ನೊಂದೀಟ ಆರಾಮ ತಗೋ" ಎಂದರು ಒಂದು ಸಲ.

"ಆರಾಮ ತಗೊಂಡ ತಗೊಂಡ ಮೈಗೆ ಬ್ಯಾನಿ ಬಂದೈತ್ರಿ ಸಾಹೇಬ್ರ" ಎಂದಳು ಕಸ್ತೂರಿ.

ಹಾಗೆ ಅನ್ನುತ್ತಿದ್ದಂತೆಯೇ ಅವಳಿಗೆ ರಸ್ತೆ ಬಂತು. ಕೀಂ ಎಂದು ಕೋಣೆಯ ಗೋಡೆಗಳೆಲ್ಲ ಕಿರುಚಿದವು. ಸಾಹೇಬರು ಪೇಪರ್‌ವೇಟನ್ನು ಮೇಜಿನಿಂದ ಕೆಳಗೆ ತಳ್ಳಿದರು. ಕ್ಲಾರ್ಕು ಕಪಾಟಿನ ಬಾಗಿಲನ್ನು ಧಡಾರನೆ ಹಾಕಿದ. ನಾನು ಕೆಮ್ಮಿದೆ. ಹೊರಗೆ ಬಂದ ಮೇಲೆ ಕಸ್ತೂರಿ ನಿಂತು ಹಿಂದಕ್ಕೆ ನೋಡಿದಳು.

"ನನ್ನ ಕಂಡ್ರ ಈ ಡಿಪೋದಾಗ ಎಲ್ಲಾರ ಕೈಯಾಗಿಂದೂ ಏನರೆ ಬೀಳ್ತೈತಲ್ರಿ. ನನಗೇನ ದೆವ್ವ ಬಡದೈತಿ?"

ಡ್ರೈವರ್‌ಗಳ ಅಂಜಿಕೆ ನನಗೆ ಗೊತ್ತಿತ್ತು. ಓಡುವ ಬಸ್ಸಿನಲ್ಲಿ ಹಿಂದಿನಿಂದ ಬ್ರೇಕಿನ ಸದ್ದು ಬಂದರೆ ಯಾವ ಡ್ರೈವರ್ ಆದರೂ ತಾನೂ ಬ್ರೇಕು ತುಳಿದೇ ತುಳಿಯುತ್ತಾನೆ. ತಿರುವಿನಲ್ಲಿ ತುಳಿದರೆ ಮತ್ತೊಂದು ಅಪಘಾತ. ಅದಕ್ಕೇ ರಸ್ತೆ ಬರುವವರನ್ನು ನಮ್ಮೂರ ಬಸ್ಸಿನಲ್ಲಿ ಏನೋ ನೆಪ ಹೇಳಿ ಕೊನೆಯ ಸೀಟಿಗೆ ಕಳಿಸುತ್ತಾರೆ. ಕಂಡಕ್ಟರನ್ನು ಕೊನೆಯ ಸೀಟಿಗೆ ಕಟ್ಟಿಹಾಕಲಾಗುತ್ತದೆಯೇ? ಇದನ್ನು ಅವಳಿಗೆ ಹೇಳುವಂತಿಲ್ಲ. ಹೇಳದೆ ಹೋದರೆ ಅವಳು ಡಿಪೋಗೆ ಹೋಗುವುದು ಬಿಡುವುದಿಲ್ಲ.

ಇಂಥ ಹೊತ್ತಿನಲ್ಲಿ ತಲೆಯ ಫೋಟೋ ತೆಗೆಯುವ ಲಾರಿ ಊರಿಗೆ ಬಂತು. ಸಾಲಿಯ ಬಯಲಿನಲ್ಲಿ ಮನೆಯಷ್ಟು ದೊಡ್ಡ ಲಾರಿ, ಅದರೊಳಗೆ ಮಷೀನು. ರಸ್ತೆಯಲ್ಲಿ ಅಪಘಾತವಾಗಿ ಬದುಕಿದವರಿಗೆ ಆ ಭಯ ಮಿದುಳಿನಲ್ಲಿ ಎಲ್ಲಿ ಉಳಿದುಕೊಂಡಿರುತ್ತದೆ ಎಂದು ನೋಡಲು ಡಾಕ್ಟರ್ ಮೃಣಾಲಿನಿ ಎಂಬ ಹೆಣ್ಣುಮಗಳು ಅದನ್ನು ತಂದಿದ್ದಳು. ಉಮದಿ ಸಾಹೇಬರಿಗೆ ಅದರಿಂದ ಜೀವ ಬಂದಂತಾಯಿತು. ತಾವು ಹೇಳಬೇಕಾದ 'ಇಲ್ಲ'ವನ್ನು ಹೇಳಲು ಒಬ್ಬರು ಸಿಕ್ಕರಲ್ಲ. "ಫೋಟೋ ತಗಸ್ಕೊಂಡ ಬಾರವಾ. ಫೋಟೋ ಚಲೋ ಬಂದ್ರ ಡ್ಯೂಟಿ" ಎಂದು ಕಸ್ತೂರಿಗೆ ಹೇಳಿ ಕಳಿಸಿದರು.

ಊರಿನವರೆಲ್ಲ ಆ ಮಾತನ್ನು ಹಾಗೆಯೇ ಹಿಡಿದುಕೊಂಡರು. ಫೋಟೋ ಚಲೋ ಬರಬೇಕು. ಲಾರಿಯ ಮುಂದೆ ಸಾಲು ನಿಂತವರೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಪೌಡರ್ ಹಾಕಿಕೊಂಡು ಬಂದಿದ್ದರು. ಒಬ್ಬ ಅಜ್ಜ ರೇಶಿಮೆ ರುಮಾಲು ಸುತ್ತಿಕೊಂಡು ಬಂದು, ಅದನ್ನು ಬಿಚ್ಚಲು ಹೇಳಿದ್ದಕ್ಕೆ ಸಿಟ್ಟಾಗಿ ಮನೆಗೆ ಹೋದ. ಕಸ್ತೂರಿಯೂ ಜಡೆ ಬಿಗಿದು, ಹೊಸ ಹೇರ್‌ಪಿನ್ ಚುಚ್ಚಿಕೊಂಡಿದ್ದಳು.

ಹೊರಡುವ ಮೊದಲು ಪಕ್ಕದ ಮನೆಯ ಚಂಪವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಆ ಡಾಕ್ಟರಬಾಯಿಗೆ ನಮ್ಮೂರ ರೀತಿ ಗೊತ್ತಿಲ್ಲ ಯಕ್ಕಾ. ಆಕಿ ಬಾಯಿ ಬಿಟ್ಟಳಂದ್ರ ಕಸ್ತೂರಿ ಹಗ್ಗದ ತಿಪ್ಪಣ್ಣ ಆಗ್ತಾಳ. ನೀ ನಾಕ ಅಕ್ಷರ ಕಲತಾಕಿ. ಮೊದಲ ನೀನ ಒಳಗ ಹೋಗಿ ಹೇಳು."

"ಏನಂತ ಹೇಳಲಿ?"

"ಖರೇ ಹೇಳಬ್ಯಾಡ್ರಿ ಅಂತ ಹೇಳು. ಅದಕ್ಕೇನ ಏಳನೇತ್ತಾ ಪಾಸಾಗಬೇಕೇನ?"

ಹಾಗೆಯೇ ಮಾಡಿದೆ. ಲಾರಿಯ ಮೆಟ್ಟಿಲ ಬಳಿ ಡಾಕ್ಟರರನ್ನು ಕಂಡು ಎಲ್ಲ ಹೇಳಿದೆ. ಅವಳು ನನ್ನ ಮಗನ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪಾಗಿತ್ತು. ತಾಳ್ಮೆಯಿಂದ ಕೇಳಿಕೊಂಡಳು.

"ಅಜ್ಜಿ, ಕೇಳದೆ ನಾನಾಗಿ ಏನೂ ಹೇಳುವುದಿಲ್ಲ. ಆದರೆ ಕೇಳಿದರೆ ಸುಳ್ಳು ಹೇಳಲಾರೆ" ಎಂದಳು. ಆಮೇಲೆ, "ನೀವೂ ಅದೇ ಬಸ್ಸಿನಲ್ಲಿದ್ದಿರಂತೆ. ನಿಮ್ಮದೂ ತೆಗೆಯೋಣವೇ? ಒಂದೇ ಬಸ್ಸು, ಒಬ್ಬರು ಎಚ್ಚರವಿದ್ದವರು, ಒಬ್ಬರು ನಿದ್ದೆಯಲ್ಲಿದ್ದವರು. ನನಗೆ ಉಪಯೋಗವಾಗುತ್ತದೆ" ಎಂದಳು.

ಉಪಕಾರಕ್ಕೆ ಉಪಕಾರ ಎಂದುಕೊಂಡು ಒಪ್ಪಿದೆ.

ಕಸ್ತೂರಿಯ ಮೈಮೇಲಿದ್ದ ಲೋಹವನ್ನೆಲ್ಲ ತೆಗೆಸಿದರು. ಹೇರ್‌ಪಿನ್ನು ಹೋದವು, ತಾಳಿ ಬಂತು, ಕಾಲುಂಗುರ ಬರಲೊಲ್ಲದೆ ಸೋಪು ಹಚ್ಚಬೇಕಾಯಿತು. ಎಲ್ಲವನ್ನೂ ಮಡಿಲಲ್ಲಿ ಕಟ್ಟಿಕೊಂಡು ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಒಳಗೆ ಮಷೀನು ಡಗ್ ಡಗ್ ಎಂದು ಬಾವಿ ತೋಡುವವರಂತೆ ಬಡಿಯತೊಡಗಿತು. ಅವಳಿಗೆ ಅದರೊಳಗೆ ರಸ್ತೆ ಬಂತೋ ಇಲ್ಲವೋ, ಆ ಗದ್ದಲದಲ್ಲಿ ನನಗೆ ತಿಳಿಯಲಿಲ್ಲ.

ನನ್ನ ಸರದಿ ಬಂತು. ಮಡಿಲಿನ ಗಂಟನ್ನು ಬಿಚ್ಚಿಸಿ ಬೆಂಚಿನ ಮೇಲೆ ಇಡಿಸಿದರು. ನನ್ನನ್ನು ಮಲಗಿಸಿ, ರೊಟ್ಟಿಯನ್ನು ಭಟ್ಟಿಯೊಳಗೆ ತಳ್ಳುವಂತೆ ಒಳಗೆ ತಳ್ಳಿದರು. ಕಿವಿಗೆ ಏನೋ ಹಾಕಿದರು. ಕಣ್ಣ ಮುಂದಿನ ಕನ್ನಡಿಯಲ್ಲಿ ಚಿತ್ರಗಳು ಬಂದವು. ಒಂದು ಹೂವು. ಒಂದು ಬಿಂದಿಗೆ. ಒಂದು ರಸ್ತೆ. ಮತ್ತೆ ಹೂವು. ಮತ್ತೆ ರಸ್ತೆ, ಅದರ ತುದಿಯಲ್ಲಿ ಲಾರಿ. ಕಿವಿಯಲ್ಲಿ ಬಸ್ಸು ಗೇರು ಬದಲಿಸುವ ಸಪ್ಪಳ. ನಾನು ರಾತ್ರಿ ಶಾಲೆಯಲ್ಲಿ ಓದಿದ ಮಿದುಳಿನ ಪಾಠ ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ. ನನಗೆ ಏನೂ ಆಗಲಿಲ್ಲ. ನಿದ್ದೆ ಬರುವಂತಾಯಿತು, ಅಷ್ಟೇ.

ಹೊರಗೆ ಬಂದು ಆ ಗಂಟನ್ನು ಮತ್ತೆ ಮಡಿಲಿಗೆ ಕಟ್ಟಿಕೊಂಡೆ. ಪಕ್ಕದ ಕೋಣೆಯಲ್ಲಿ ಸ್ಟೀಲಿನ ಟ್ರೇ ನೆಲದ ಮೇಲೆ ಬಿದ್ದಿತ್ತು. ಹತ್ತಿಯ ಉಂಡೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಕಸ್ತೂರಿ ಅದರ ಪಕ್ಕದಲ್ಲಿ ನಿಂತಿದ್ದಳು.

"ಕೈ ಜಾರಿತ್ರಿ" ಎಂದಳು, ಯಾರೂ ಕೇಳದಿದ್ದರೂ.

ಡಾಕ್ಟರ್ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ನಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯ ಮೇಲೆ ಹೂಕೋಸನ್ನು ನಡುವೆ ಕೊಯ್ದಿಟ್ಟಂಥ ಬೂದಿ ಬಣ್ಣದ ಚಿತ್ರ. ಅದರ ಒಳಗೆ ಒಂದು ಕಡೆ ಕೆಂಪಗೆ ಕೆಂಡದಂತೆ ಹೊಳೆಯುತ್ತಿತ್ತು. "ಆ ಕೆಂಪಂದು ಏನ್ರಿ?" ಎಂದು ಕಸ್ತೂರಿ ಕೇಳಿದಳು.

"ಇಲ್ಲಿ ಬಾದಾಮಿ ಬೀಜದಷ್ಟು ಒಂದು ಜಾಗವಿದೆ. ಅಪಾಯ ಬಂತು ಅಂತ ಮೊದಲು ಕೂಗುವುದು ಇದು. ಹಣೆಯ ಹಿಂದಿನ ಈ ಭಾಗ, ಸಾಕು, ಅದು ಮುಗಿದ ಮಾತು, ಸುಮ್ಮನಿರು ಅಂತ ಇದಕ್ಕೆ ಹೇಳಬೇಕು. ರಸ್ತೆಯ ಚಿತ್ರ ತೋರಿಸಿದಾಗ ಬಾದಾಮಿ ಕೂಗುತ್ತಿದೆ, ಹಣೆಯ ಭಾಗ ಬಾಯಿ ಬಿಡುತ್ತಿಲ್ಲ" ಎಂದಳು.

ಕಸ್ತೂರಿಯ ಮಿದುಳನ್ನೇ ನೋಡುತ್ತ ಕುಳಿತೆ. ಇಷ್ಟು ಕೆಂಪನ್ನು ಇಟ್ಟುಕೊಂಡು ಇವಳು ನನಗೆ ದಿನಾ ಚಹಾ ಮಾಡಿಕೊಡುತ್ತಾಳಲ್ಲ ಎನಿಸಿತು. ಮಾತು ಬೇರೆ ಕಡೆ ತಿರುಗಲೆಂದು ಕೇಳಿದೆ, "ನಂದ ಯಾವುದ್ರಿ ಡಾಕ್ಟರೇ? ಅದನ್ನ ತೋರಸ್ರಿ."

"ಇದೇ ನಿಮ್ಮದು ಅಜ್ಜಿ."

ನಾನು ನಕ್ಕೆ. "ಅದಲಬದಲ ಆಗೈತ್ರಿ. ಇನ್ನೊಮ್ಮೆ ಹೆಸರ ನೋಡ್ರಿ."

ಅವಳು ನೋಡಿದಳು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು, ನಿಂಬೆವ್ವ ಎಂದು. ಓದಲು ಕಲಿತದ್ದಕ್ಕೆ ಮೊದಲ ಸಲ ಪಶ್ಚಾತ್ತಾಪವಾಯಿತು.

"ನಾ ನಿದ್ದಿಯೊಳಗಿದ್ದೆನ್ರಿ" ಎಂದೆ.

"ನೀವು ನಿದ್ದೆಯಲ್ಲಿದ್ದಿರಿ. ಈ ಬಾದಾಮಿ ನಿದ್ದೆ ಮಾಡುವುದಿಲ್ಲ" ಎಂದಳು.

ನಾನು ಕಸ್ತೂರಿಯತ್ತ ತಿರುಗಿದೆ, ನೀನಾದರೂ ಹೇಳು ಎಂದು. ಅವಳು ನೆಲದ ಮೇಲಿನ ಟ್ರೇಯನ್ನೇ ನೋಡುತ್ತಿದ್ದಳು. ಆಗ ಒಂದೊಂದೇ ನೆನಪಾಯಿತು. ಅಪಘಾತವಾದಂದಿನಿಂದ ಈ ಹುಡುಗಿಯ ಕೈಯಿಂದ ಸೌಟು ಬಿದ್ದಿದೆ, ಚರಗಿ ಬಿದ್ದಿದೆ, ಒಮ್ಮೆ ಹಾಲಿನ ಪಾತ್ರೆಯೇ ಬಿದ್ದಿದೆ. ತಲೆಗೆ ಪೆಟ್ಟು ಬಿದ್ದದ್ದಕ್ಕೆ ಕೈಯಲ್ಲಿ ಬಿಗಿ ಇಲ್ಲ, ಪಾಪ, ಎಂದು ನಾನು ನೆರೆಹೊರೆಗೆಲ್ಲ ಹೇಳಿಕೊಂಡು ಬಂದಿದ್ದೆ. ನೆರೆಹೊರೆಯವರು ಹೂಂಗುಟ್ಟಿದ್ದರು.

"ನೀನೂ ಕೆಡವತಿದ್ದೇನ?" ಎಂದೆ.

"ಹೂಂನ್ರಿ ಅತ್ತಿ" ಎಂದಳು. ಅಷ್ಟು ಅಂದವಳ ಮುಖ ನಿಧಾನವಾಗಿ ಬದಲಾಯಿತು. ಅವಳೂ ಅದೇ ದಾರಿಯಲ್ಲಿ ಯೋಚಿಸುತ್ತಿದ್ದಾಳೆಂದು ನನಗೆ ಕಾಣಿಸಿತು. ತಡೆಯಲು ನನ್ನ ಬಳಿ ಏನೂ ಇರಲಿಲ್ಲ. "ಹಂಗಾದ್ರ ನೀವ ಕೆಡವಿದ ತಾಟು..." ಎಂದಳು. "ಡಿಪೋದಾಗ ಸಾಹೇಬ್ರು..." ಎಂದಳು. ಆಮೇಲೆ ಡಾಕ್ಟರತ್ತ ತಿರುಗಿದಳು. "ನಂದೂ ಹಿಂಗ ಐತೇನ್ರಿ?"

"ಹೌದಮ್ಮ."

"ನಾ ಡ್ಯೂಟಿ ಮಾಡಬಹುದೇನ್ರಿ?"

"ಅದು ಈ ಚಿತ್ರದಲ್ಲಿ ಕಾಣುವುದಿಲ್ಲ. ಬೆಂಕಿ ಎಲ್ಲಿದೆ ಅಂತ ಇದರಲ್ಲಿ ಕಾಣುತ್ತದೆ. ಆ ಮನೆಯವರು ಅದನ್ನು ಇಟ್ಟುಕೊಂಡು ಹೇಗೆ ಬದುಕುತ್ತಾರೆ ಅನ್ನುವುದು ಕಾಣುವುದಿಲ್ಲ. ರಸ್ತೆಯನ್ನು ತಪ್ಪಿಸಿಕೊಂಡು ಕೂತರೆ ಇದು ಕಡಿಮೆಯಾಗುವುದಿಲ್ಲ. ನಂಬಿಕೆಯವರ ಜೊತೆಗೆ ಮತ್ತೆ ಸ್ವಲ್ಪಸ್ವಲ್ಪವೇ ರಸ್ತೆಗೆ ಹೋಗಬೇಕು, ಆದದ್ದನ್ನು ಬಾಯಿಬಿಟ್ಟು ಮಾತಾಡಬೇಕು. ನಾನು ಹೇಳಬಹುದಾದದ್ದು ಇಷ್ಟು."

ನಾವು ನಡೆದುಕೊಂಡೇ ಮನೆಗೆ ಹೊರಟೆವು. ನನಗೆ ನನ್ನ ತಲೆಯನ್ನು ಎಲ್ಲಿಡಬೇಕೋ ತಿಳಿಯದಂತಾಗಿತ್ತು, ಮೇಲೆ ತುಂಬಿದ ಕೊಡ ಹೊತ್ತವಳಂತೆ ನಡೆಯುತ್ತಿದ್ದೆ. ಅಂಗಡಿಯಲ್ಲಿ ಗುರುಸಿದ್ದಪ್ಪ ತಕ್ಕಡಿ ಬಡಿದದ್ದು, ರಾತ್ರಿ ಶಾಲೆಯಲ್ಲಿ ಮಾಸ್ತರರು ನನ್ನ ಮುಂದೆ ಬಂದು ಬಂದು ಡಸ್ಟರು ಕುಟ್ಟಿದ್ದು, ಚಂಪವ್ವ ಮಾತಾಡುತ್ತ ಮಾತಾಡುತ್ತ ಬಿಂದಿಗೆ ಬಿಟ್ಟದ್ದು, ಯಾವುದು ಕಸ್ತೂರಿಗಾಗಿ, ಯಾವುದು ನನಗಾಗಿ? ಮಾಸ್ತರರ ಶಾಲೆಗೆ ಕಸ್ತೂರಿ ಬಂದೇ ಇರಲಿಲ್ಲವಲ್ಲ.

"ನಂದ ಹೆಂಗ ಕೇಳಸ್ತೈತಿ?" ಎಂದು ಕೇಳಿದೆ.

ಅವಳು ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು. "ಮೊದಲ ಬ್ರೇಕು. ಆಮ್ಯಾಲ ನೀರು. ನೀರಾಗ ಏನೋ ಬಿದ್ದಂಗ. ನಂದು?"

"ನಿಂದೂ ಬ್ರೇಕ. ಆಮ್ಯಾಲ ಮಾತು."

"ಮಾತಾ? ಯಾರದ?"

ಇದು ಅವಳಿಗೆ ತಿಳಿದಿರುತ್ತದೆಂದೇ ನಾನು ಅಂದುಕೊಂಡಿದ್ದೆ. ಅವಳ ತಲೆಯಲ್ಲಿದ್ದದ್ದು ಅವಳಿಗೆ ತಿಳಿಯದೆ ಇರುತ್ತದೆಯೇ? "ರಾಜೇಸಾಬಂದು. 'ಗಟ್ಟಿ ಹಿಡ್ಕೋ ತಂಗಿ' ಅಂತಾನ."

ಕಸ್ತೂರಿ ಬೀದಿಯ ನಡುವೆಯೇ ನಿಂತಳು. ಸೈಕಲ್ಲಿನವನೊಬ್ಬ ಬೈದು ಪಕ್ಕಕ್ಕೆ ಹೋದ. "ಅಂವ ಹಂಗ ಅಂದದ್ದು ನನಗ ನೆನಪಿಲ್ರಿ" ಎಂದಳು. "ಕಡೀಕ ಏನರೆ ಅಂದ್ನೇನಂತ ಅವನ ಹೇಣ್ತಿ ಎಷ್ಟ ಸರತೆ ಕೇಳಿದಳು. ಏನೂ ಅನ್ನಲಿಲ್ಲ ಅಂತ ನಾ ಹೇಳಿದ್ನಲ್ರಿ. ಅದನ್ನ ನೀವ ಇಷ್ಟ ದಿನಾ ಕೇಳಾಕತ್ತಿದ್ರಿ, ನನಗ ಹೇಳಲಿಲ್ಲ?"

ಹೇಳಬಾರದು ಎಂಬ ಕಟ್ಟಳೆ ಇದೆಯಲ್ಲ ಎಂದೆ. ಅವಳು ಮನೆಗೆ ಬರಲಿಲ್ಲ, ಅಲ್ಲಿಂದಲೇ ರಾಜೇಸಾಬನ ಮನೆಯ ಓಣಿಗೆ ತಿರುಗಿಕೊಂಡಳು. ಅವಳ ತಾಳಿ, ಕಾಲುಂಗುರ ಎಲ್ಲ ನನ್ನ ಮಡಿಲಲ್ಲೇ ಉಳಿದಿದ್ದವು.

ಮರುದಿನ ಬೆಳಿಗ್ಗೆ ಡಿಪೋದಲ್ಲಿ ಅವಳು ಸಾಹೇಬರ ಮುಂದೆ ನಿಂತು, ನಮಸ್ಕಾರ ಸಹ ಹೇಳದೆ ಅಂದಳು, "ಸಾಹೇಬ್ರ, ನನಗ ರಸ್ತಿ ಬರ್ತೈತಿ."

ಕ್ಲಾರ್ಕಿನ ಕೈಯಿಂದ ಚಹಾದ ಕಪ್ಪು ಬಿತ್ತು. ಈ ಸಲ ಅದು ತಾನಾಗಿಯೇ ಬಿದ್ದದ್ದು. ತನಗೆ ರಸ್ತೆ ಬರುತ್ತದೆಂದು ತಾನೇ ಹೇಳಿಕೊಂಡವರು ನಮ್ಮೂರಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಸಾಹೇಬರು ನನ್ನತ್ತ ನೋಡಿದರು.

"ನನಗೂ ಬರ್ತೈತಂತ್ರಿ" ಎಂದೆ.

"ಫೋಟೋ ಚಲೋ ಬಂದಿಲ್ಲೇನ ಹಂಗಾದ್ರ?"

"ಚಲೋ ಬಂದಿಲ್ರಿ" ಎಂದಳು ಕಸ್ತೂರಿ. "ಆದ್ರ ಡ್ರೈವರ್ ನಿಲ್ಲಬೇಕಾದ್ದು ಕಂಡಕ್ಟರ್ ಊದೂ ಸೀಟಿಗ್ರಿ, ತಲಿಗಲ್ಲ. ಹಿಂದಿಂದ ಬ್ರೇಕಿನ ಸಪ್ಪಳ ಬಂದ್ರ ಅದು ಕಸ್ತೂರೀದು, ನೀ ನಿನ್ನ ರಸ್ತಿ ನೋಡು ಅಂತ ಅವರಿಗೆ ಹೇಳಿಬಿಡ್ರಿ. ಇಷ್ಟ ದಿನಾ ಯಾರಿಗೂ ಹೇಳದ ಹೆಂಗ ಗೊತ್ತಾಗಬೇಕು?"

ಸಾಹೇಬರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು. "ಒಂದ ಟ್ರಿಪ್ಪು. ನಾನೂ ಬರ್ತೇನಿ. ಡ್ರೈವರ್ ಒಂದ ಸರತೆ ಸದ್ದಿಗೆ ಬ್ರೇಕ್ ತುಳದಾ ಅಂದ್ರ ಮುಗೀತು ನೋಡವಾ, ನೀ ಮತ್ತ ಬಸ್ ಹತ್ತೂದಿಲ್ಲ. ಡಿಪೋದಾಗ ಸಾಮಾನ ಕೊಡೂ ಕೆಲಸ ಮಾಡಕೋತ ಇರೂದು. ಒಪ್ಪಿಗಿ?"

"ಒಪ್ಪಿಗ್ರಿ."

ಬಸ್ಸು ತುಂಬಿತ್ತು. ಸುದ್ದಿ ಊರೆಲ್ಲ ಹಬ್ಬಿ, ಹೋಗುವ ಕೆಲಸವಿಲ್ಲದವರೂ ಹತ್ತಿದ್ದರು. ಎಲ್ಲರ ಮಡಿಲಲ್ಲೂ ಬುತ್ತಿಯ ಡಬ್ಬಿ. ಒಬ್ಬರದರಲ್ಲಿಯೂ ಬುತ್ತಿ ಇದ್ದಂತೆ ಕಾಣಲಿಲ್ಲ. ಡ್ರೈವರ್ ಸೋಮರಾಯ, ರಾಜೇಸಾಬನ ಜೊತೆಯವನು, ಮಾತು ಕಡಿಮೆ. ಉಮದಿ ಸಾಹೇಬರು ಮುಂದಿನ ಸೀಟಿನಲ್ಲಿ ಕುಳಿತು, ರಸ್ತೆಗೆ ಬೆನ್ನು ಮಾಡಿ ಕಸ್ತೂರಿಯನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿದ್ದವರೆಲ್ಲ ಅವಳ ಹಣೆಯನ್ನೇ ನೋಡುತ್ತಿದ್ದರು. ನಾನು ಕಂಡಕ್ಟರ್ ಸೀಟಿನ ಹಿಂದೆ ಕುಳಿತಿದ್ದೆ. ಬಸ್ಸು ಹೊರಟಾಗ ಬೆವರಿ ಸೆರಗು ಹಸಿಯಾಯಿತು. ನಿದ್ದೆ ಬರಬಾರದೆಂದು ತೊಡೆ ಚಿವುಟಿಕೊಳ್ಳುತ್ತಿದ್ದೆ. ನಿದ್ದೆ ಬರುವ ಲಕ್ಷಣವೇ ಇರಲಿಲ್ಲ.

ಇಟ್ಟಂಗಿ ಭಟ್ಟಿ ದಾಟುವಾಗ ಅವಳಿಗೆ ರಸ್ತೆ ಬಂತು. ಬ್ರೇಕು ಕಿರುಚಿತು, 'ಗಟ್ಟಿ ಹಿಡ್ಕೋ ತಂಗಿ' ಎಂಬ ಮಾತು ಬಂತು. ಡಬ್ಬಿಗಳೆಲ್ಲ ಒಮ್ಮೆಗೇ ಗಲಗಲ ಬಡಿದವು. ಸೋಮರಾಯನ ಹೆಗಲು ನಡುಗಿದ್ದು ನನಗೆ ಕಾಣಿಸಿತು, ಬಸ್ಸು ಮಾತ್ರ ತನ್ನ ಪಾಡಿಗೆ ಹೋಯಿತು. ಒಂದು ಕಡೆ ನೋಡುತ್ತ ನಿಂತಿದ್ದ ಕಸ್ತೂರಿ ಡಬ್ಬಿಗಳ ಸದ್ದಿಗೆ ಎಚ್ಚೆತ್ತವಳಂತೆ ಸುತ್ತ ನೋಡಿದಳು.

"ಬಂತೇನ್ರಿ ಅತ್ತಿ?"

"ಬಂತವ್ವ."

"ಬರಲಿ. ಯಾರೂ ಏನೂ ಬಡೀಬ್ಯಾಡ್ರಿ, ನನಗ ಗೊತ್ತೈತಿ. ಯಾರದರೆ ಟಿಕೆಟ್ ಆಗೂದೈತೇನ್ರಿ?"

ಜನ ಡಬ್ಬಿಗಳನ್ನು ಸೀಟಿನ ಕೆಳಗಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ಮತ್ತೆ ಎತ್ತಿಕೊಂಡರು. ಕೈಗೆ ರೂಢಿಯಾದದ್ದು ಒಂದು ಮಾತಿಗೆ ಹೋಗುತ್ತದೆಯೇ?

ಕಾಲುವೆಯ ತಿರುವು ಬಂತು. ನಾನು ಕಣ್ಣು ಮುಚ್ಚಬಾರದೆಂದುಕೊಂಡು ಮುಚ್ಚಿದೆ. ಆಗ ಬ್ರೇಕು ಕಿರುಚಿತು, ಎಲ್ಲರೂ ಮುಂದಿನ ಸೀಟಿಗೆ ಮುಗ್ಗರಿಸಿದೆವು, ಡಬ್ಬಿಗಳು ಬಡಿದವು. ಕಣ್ಣು ತೆರೆದಾಗ ಬಸ್ಸು ತಿರುವಿನ ನಡುವೆ ನಿಂತಿತ್ತು.

ಉಮದಿ ಸಾಹೇಬರು ಎದ್ದು ನಿಂತಿದ್ದರು. ಮುಖದಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. "ಸೋಮರಾಯ, ಬ್ರೇಕ್ ತುಳದಿ."

"ಎಮ್ಮಿ ಬಂತ್ರಿ ಸಾಹೇಬ್ರ."

"ಎಲ್ಲೈತಿ ಎಮ್ಮಿ?"

"ಕಾಲವಿಗೆ ಇಳೀತ್ರಿ."

ಎಲ್ಲರೂ ಕಿಟಕಿಗೆ ಮುತ್ತಿದರು. ಕಾಲುವೆಯ ನೀರು ಅಲುಗಾಡುತ್ತಿತ್ತು, ಆದರೆ ಹರಿಯುವ ನೀರು ಯಾವಾಗಲೂ ಅಲುಗಾಡುತ್ತದೆ. ಆಚೆ ದಂಡೆಯಲ್ಲಿ ಜೊಂಡು ಬೆಳೆದಿತ್ತು. ಎಮ್ಮೆ ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರೂ ಆ ಹೊತ್ತಿಗೆ ಕಸ್ತೂರಿಯನ್ನು ನೋಡುತ್ತಿದ್ದರಲ್ಲ. ಸೋಮರಾಯ ಸ್ಟೇರಿಂಗ್ ಮೇಲಿನ ತನ್ನ ಕೈಗಳನ್ನು ನೋಡುತ್ತ ಕುಳಿತಿದ್ದ. ಅವನೂ ನಮ್ಮೂರವನೇ. ಹೊತ್ತಿಗೆ ತಕ್ಕಂತೆ ಒಂದು ತಾಟು ಕೆಡವುವುದು ಅವನಿಗೂ ಗೊತ್ತು.

"ಸಾಹೇಬ್ರ, ಆ ಸದ್ದು ನನಗ ಕೇಳಿಸ್ತು" ಎಂದಳು ಕಸ್ತೂರಿ. "ನಂದಾಗಿದ್ರ ನನಗ ಕೇಳಸ್ತಿದ್ದಿಲ್ಲ. ಖರೇ ಬ್ರೇಕಿಂದದು."

"ಬ್ರೇಕ್ ಒದರಿದ್ದು ಒಮ್ಮೆ ಅಷ್ಟ. ನಿಂದಲ್ಲ ಅಂದ್ರ ನಿಮ್ಮ ಅತ್ತೀದಿರಬೇಕು. ಯಾರ ತಲೀದಾದ್ರೂ ಆಗಲಿ, ಸದ್ದಿಗೆ ಇಂವ ಬ್ರೇಕ್ ತುಳದ್ರ ತುಳದಂಗ" ಎಂದರು ಸಾಹೇಬರು. ಆಮೇಲೆ ನನ್ನತ್ತ ಬಗ್ಗಿದರು. "ಯವ್ವಾ, ನೀವ ಹೇಳ್ರಿ. ನಿಮಗ ಕೇಳಿಸ್ತೇನ?"

ಬಸ್ಸಿನವರೆಲ್ಲ ನನ್ನತ್ತ ತಿರುಗಿದರು. ನನಗೆ ಕೇಳಿಸಿದ್ದರೆ ಅದು ನನ್ನ ತಲೆಯದಲ್ಲ, ಬಸ್ಸಿನದೇ. ಎಮ್ಮೆ ಖರೇ, ಕಸ್ತೂರಿಗೆ ಡ್ಯೂಟಿ. ಕೇಳಿಸದಿದ್ದರೆ ಅದು ನನ್ನದೇ, ಎಮ್ಮೆ ಸುಳ್ಳು, ಅವಳ ಖಾಕಿ ಅಂಗಿ ಪೆಟ್ಟಿಗೆಗೆ. ಇಷ್ಟು ಸರಳ. ಆದರೆ ನನಗೆ ಕೇಳಿಸಿತೇ? ಬ್ರೇಕು ಕಿರುಚಿತು ಎಂದು ಈಗ ತಾನೇ ಮೇಲೆ ಬರೆದೆ. ಬರೆಯುವಾಗ ಕಿರುಚುತ್ತದೆ. ಆ ಹೊತ್ತಿನಲ್ಲಿ ನನಗೆ ಮೊದಲು ಗೊತ್ತಾದದ್ದು ಎದೆ ಮುಂದಿನ ಕಂಬಿಗೆ ತಾಗಿದ್ದು. ಆಮೇಲೆ ಡಬ್ಬಿಗಳು. ಅವೆರಡರ ನಡುವೆ ಒಂದು ಸದ್ದು ಇದ್ದಿರಬೇಕು ಎಂದು ನಾನು ಆಮೇಲೆ ಸೇರಿಸಿಕೊಂಡೆನೋ? ಅದರ ಹಿಂದೆ ರಾಜೇಸಾಬನ ಮಾತು ಬರಲಿಲ್ಲ, ಹಾಗಾಗಿ ಕಸ್ತೂರಿಯದಂತೂ ಅಲ್ಲ. ಅಥವಾ ಬಂದರೂ ಡಬ್ಬಿಗಳ ಗದ್ದಲದಲ್ಲಿ ಮುಳುಗಿತೋ? ನೀರಿಗೆ ಏನೋ ಬಿದ್ದ ಸಪ್ಪಳ ಯಾರಿಗಾದರೂ ಕೇಳಿಸಿತೇ ಎಂದು ಕೇಳಬೇಕೆನಿಸಿತು. ಕೇಳಿಸಿತು ಎಂದರೆ, ಅದು ನನ್ನ ತಲೆಯ ನೀರೋ, ಎಮ್ಮೆ ಇಳಿದ ನೀರೋ? ನಾನು ಕಸ್ತೂರಿಯ ಮುಖ ನೋಡಿದೆ. ಅವಳು ಸೀಟಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಊದದೆ, ನನ್ನನ್ನೇ ನೋಡುತ್ತಿದ್ದಳು.

"ಕೇಳಿಸ್ತ್ರಿ ಸಾಹೇಬ್ರ" ಎಂದೆ.

"ಖರೇ?"

"ನನ್ನ ಕಿವಿ ಇನ್ನೂ ಗಟ್ಟಿ ಅದಾವ್ರಿ."

ಸಾಹೇಬರು ಈ ಸಲ ರಸ್ತೆಯ ಕಡೆಗೆ ಮುಖ ಮಾಡಿಕೊಂಡು ಕುಳಿತು, "ನಾಳೆ ಮುಂಜಾನೆ ಮೊದಲನೇ ಗಾಡಿಗೆ ಬಂದಬಿಡವಾ ಕಸ್ತೂರಿ. ಈಗ ನಡೀಲಿ" ಎಂದರು.

ಅವಳು ಎರಡು ಸಲ ಸೀಟಿ ಊದಿದಳು. ಸೋಮರಾಯ ಗೇರು ಹಾಕಿದ. ತಿರುವು ನಿಧಾನವಾಗಿ ಕಿಟಕಿಯಿಂದ ಹಿಂದಕ್ಕೆ ಸರಿಯಿತು. ನಾನು ಹೊರಗೆ ಬಾಗಿ, ನೀರಿನಲ್ಲಿ ಎಲ್ಲಾದರೂ ಎರಡು ಕೊಂಬು ಕಂಡಾವೇ ಎಂದು ನೋಡಿದೆ. ಬಿಸಿಲು ನೀರಿನ ಮೇಲೆ ಹೊಳೆದು ಏನೂ ಕಾಣಿಸಲಿಲ್ಲ.

ಕಸ್ತೂರಿ ಸೀಟುಗಳನ್ನು ಹಿಡಿದುಕೊಳ್ಳುತ್ತ ನನ್ನ ಹತ್ತಿರ ಬಂದಳು. ಅವಳ ಕೈ ಗಟ್ಟಿಯಾಗಿಯೇ ಇತ್ತು. ನಾನು ಸಣ್ಣ ದನಿಯಲ್ಲಿ ಕೇಳಿದೆ, "ನಿನಗ ಖರೇ ಕೇಳಿಸ್ತೇನವಾ?"

"ನಿಮಗ ಕೇಳಿಸ್ತಲ್ರಿ?"

"ಕೇಳಿಸ್ತು."

"ಮತ್ತ ಮುಗೀತಲ್ಲ" ಎಂದಳು, ಹೆಬ್ಬೆರಳಿಗೆ ಉಗುಳು ಹಚ್ಚಿ ಟಿಕೆಟ್ ಹರಿಯುತ್ತ. "ಚೂರು ಆ ಕಡೆ ಸರೀರಿ ಅತ್ತಿ. ಮುಂದಿನ ಸ್ಟಾಪಿನಾಗ ಮಂದಿ ಭಾಳ ಹತ್ತತಾರ."